ದಾನಿಯ ವಿಳಾಸ

ಫೆಬ್ರವರಿ ೩

ಸೊಸೆಗೆ,

ನಾನು ಈ ಮೊಸರಿನ ಕಾರ್ಖಾನೆಯ ಯಜಮಾನಿ. ನನ್ನ ಅತ್ತೆ ಎರಡು ಹಂಡೆ ಹಾಲಿನಿಂದ ಶುರು ಮಾಡಿದ್ದನ್ನು ಹನ್ನೆರಡು ತೊಟ್ಟಿಗಳಿಗೆ ತಂದು ನಿಲ್ಲಿಸಿದವಳು. ನಿನ್ನ ಮಾವ ತೀರಿಕೊಂಡ ವಾರವೂ ಇಲ್ಲಿ ಹಾಲಿಗೆ ಹೆಪ್ಪು ಬಿದ್ದಿತ್ತು. ಈ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ನಾನು ದೊಡ್ಡಮ್ಮ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದಿದ್ದೇನೆ. ಮುಂದಿನದನ್ನು ಓದಿ, ಅತ್ತೆ ಸೋತು ನನ್ನ ಬಾಗಿಲಿಗೆ ಬಂದಳು ಎಂದು ನೀನು ತಿಳಿಯಬಾರದು.

ಫೋನು ಮಾಡಬಹುದಿತ್ತು. ಫೋನಿನಲ್ಲಿ ಆಡಿದ ಮಾತಿಗೆ ಯಾರೂ ಜವಾಬ್ದಾರರಲ್ಲ. ಕಾಗದದ ಮೇಲೆ ಬರೆದರೆ ನೀನೂ ಯೋಚಿಸಿ ಬರೆಯುತ್ತೀಯೆ, ನಾನೂ ಯೋಚಿಸಿ ಬೈಯುತ್ತೇನೆ.

ವಿಷಯ ಇಷ್ಟು. ನಮ್ಮ ಹೆಪ್ಪು ಕೈಕೊಡುತ್ತಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ತೊಟ್ಟಿಯಲ್ಲಿ ಹಾಲು ಹಾಲಾಗಿಯೇ ಕೂತಿರುತ್ತದೆ, ಇಲ್ಲವೇ ಗಂಜಿಯಂತೆ ತೆಳ್ಳಗೆ. ಹಾಲು ಒಳ್ಳೆಯದು, ಬಿಸಿ ಸರಿಯಾಗಿದೆ, ನಾನೇ ಥರ್ಮಾಮೀಟರು ಹಿಡಿದು ನಿಂತಿದ್ದೇನೆ. ಹಿಂದಿನ ದಿನದ ಮೊಸರಿನ ಮೇಲೆ ನಿಲ್ಲುವ ತಿಳಿಯನ್ನು ತೊಟ್ಟಿಯ ಒಳಮೈಗೆಲ್ಲ ಸವರಿ ಆಮೇಲೆ ಹಾಲು ಬಿಡುವುದು ನನ್ನ ಅತ್ತೆ ಕಲಿಸಿದ ಪದ್ಧತಿ. ಈಗ ಒಂದಕ್ಕೆ ಎರಡು ಸಲ ಸವರಿಸುತ್ತಿದ್ದೇನೆ. ಆದರೂ ದಿನಕ್ಕೊಂದು ತೊಟ್ಟಿ ಕೆಡುತ್ತಿದೆ.

ನಿನ್ನ ಚಿಕ್ಕಮಾವ, ಅಂದರೆ ನನ್ನ ಮೈದುನ, ಒಬ್ಬನನ್ನು ಕರೆದುಕೊಂಡು ಬಂದಿದ್ದ. ಕಂಪನಿಯ ಹೆಪ್ಪಿನ ಪುಡಿ ಮಾರುವವನು. "ಅತ್ತಿಗೆ, ಪೊಟ್ಟಣ ಕತ್ತರಿಸಿ ಸುರಿದ್ರೆ ಆಯ್ತು, ತಲೆನೋವೇ ಇಲ್ಲ" ಎಂದ ಮೈದುನ. ಪುಡಿಯವನ ಷರತ್ತು ಕೇಳು: ಅವರ ಪುಡಿ ಒಳಗೆ ಬರಬೇಕಾದರೆ ನಮ್ಮ ಹೆಪ್ಪನ್ನು ಪೂರಾ ಕುದಿಸಿ ನಾಶ ಮಾಡಬೇಕಂತೆ. ನನ್ನ ಅತ್ತೆಯ ಹೆಪ್ಪನ್ನು! "ನಿನ್ನನ್ನೇ ಒಂದ್ಸಲ ಕುದಿಸಿ ನೋಡೋಣ ಬಾ" ಎಂದೆ. ನಕ್ಕ. ನಾನು ನಗಲಿಲ್ಲ.

ನೀನು ಕ್ರಿಮಿಗಳ ವಿಷಯದಲ್ಲಿ ಬಲ್ಲವಳು ಎಂದು ನನ್ನ ಮಗ ಮದುವೆಗೆ ಮೊದಲಿನಿಂದ ಹೇಳುತ್ತಿದ್ದಾನೆ. ನೋಡೋಣ. ಐಸಿನ ಡಬ್ಬಿಯಲ್ಲಿ ಒಂದು ಬಟ್ಟಲು ಹೆಪ್ಪು, ಕೆಟ್ಟ ತೊಟ್ಟಿಯ ತಿಳಿ ಒಂದು ಸೀಸೆ ಕಳಿಸಿದ್ದೇನೆ. ಈ ಹೆಪ್ಪು ಮನೆಯಿಂದ ಹೊರಗೆ ಹೋಗುತ್ತಿರುವುದು ಇದೇ ಮೊದಲು. ನೆನಪಿರಲಿ.

ಮದುವೆಯ ಮರುದಿನ ನಿನ್ನ ತಾಯಿ ತಂದ ಮೊಸರಿನ ಗಡಿಗೆಯನ್ನು ನಾನು ಹೊಸ್ತಿಲಲ್ಲೇ ತಡೆದು ಚರಂಡಿಗೆ ಸುರಿಸಿದ್ದು ನಿನ್ನ ಮನಸ್ಸಿನಲ್ಲಿ ಇರಬಹುದು. ಅದು ದ್ವೇಷವಲ್ಲ. ಹೊರಗಿನ ಹೆಪ್ಪು ಒಳಗೆ ಬರಕೂಡದು, ಅದು ಈ ಮನೆಯ ಕಟ್ಟಳೆ. ಅಲ್ಲದೆ ಚಮಚದಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆಯೆಳೆಯಾಗಿ ಬರುವ ಮೊಸರನ್ನು ಯಾರು ತಿನ್ನುತ್ತಾರೆ?

ಈ ಮನೆಯ ಯಜಮಾನಿ

•

ಫೆಬ್ರವರಿ ೧೭

ಅತ್ತೆಯವರಿಗೆ ನಮಸ್ಕಾರಗಳು.

ಡಬ್ಬಿ ಐಸು ಕರಗುವ ಮೊದಲೇ ತಲುಪಿತು. ನಿಮ್ಮ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ನಮ್ಮ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮಣಿಸರದಂತೆ ಸಾಲಾಗಿ ಕೂತಿವೆ. ನಾನು ನೋಡಿದವುಗಳಲ್ಲೆಲ್ಲ ಚೆಂದದವು. ಇದು ನಿಮ್ಮನ್ನು ಮೆಚ್ಚಿಸಲು ಬರೆದ ಮಾತಲ್ಲ.

ಅವುಗಳಿಗೆ ವೈರಸ್ ತಗುಲಿದೆ. ಮನುಷ್ಯರಿಗೆ ಏನೂ ಮಾಡದ, ಮೊಸರಿನ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುವ ವೈರಸ್. ಒಳಹೊಕ್ಕು, ತನ್ನಂಥವನ್ನೇ ನೂರಾರು ಹುಟ್ಟಿಸಿ, ಒಡೆದುಕೊಂಡು ಹೊರಗೆ ಬರುತ್ತದೆ. ಹೆಪ್ಪು ಹಾಕುವ ಕೈಯೇ ಸತ್ತ ಮೇಲೆ ಹಾಲು ಹೆಪ್ಪಾಗುವುದು ಹೇಗೆ?

ಒಂದು ಮಾತು ಹೇಳಬೇಕು, ಸಿಟ್ಟು ಮಾಡಿಕೊಳ್ಳಬೇಡಿ. ವೈರಸ್ ಇರುವುದು ತಿಳಿಯಲ್ಲಿ. ಹಿಂದಿನ ದಿನದ ತಿಳಿಯನ್ನು ಸವರಿದಾಗಲೆಲ್ಲ ಕೆಟ್ಟ ತೊಟ್ಟಿಯ ವೈರಸ್ಸನ್ನು ಒಳ್ಳೆಯ ತೊಟ್ಟಿಗೆ ಬಿತ್ತಿದಂತೆ. ದಯವಿಟ್ಟು ಸವರುವುದನ್ನು ನಿಲ್ಲಿಸಿ, ತೊಟ್ಟಿಗಳನ್ನು ಕುದಿಯುವ ಆವಿಯಲ್ಲಿ ತೊಳೆಸಿ.

ತೊಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಶಾಶ್ವತ ಉಪಾಯ ಬೇರೆ ಇದೆ. ಕೆಲವು ಮೊಸರಿನ ಬ್ಯಾಕ್ಟೀರಿಯಾಗಳಿಗೆ ಈ ವೈರಸ್ಸನ್ನು ಒಳಗೇ ಕತ್ತರಿಸಿ ಹಾಕುವ ವಿದ್ಯೆ ಗೊತ್ತು. ಆ ವಿದ್ಯೆ ಒಂದು ಸಣ್ಣ ಉಂಗುರದ ಆಕಾರದ ಡಿಎನ್‌ಎಯಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಸಿಕ್ಕರೆ ಮೈಗೆ ಮೈ ತಾಗಿಸಿ ಆ ಉಂಗುರದ ನಕಲನ್ನು ದಾಟಿಸುತ್ತದೆ. ಕೊಟ್ಟದ್ದಕ್ಕೂ ಒಂದು ಉಳಿಯುತ್ತದೆ, ಪಡೆದದ್ದಕ್ಕೂ ಒಂದು ಸಿಗುತ್ತದೆ. ನಾನು ಕತ್ತರಿ ಹಾಕುವುದಿಲ್ಲ, ಹೊಲಿಯುವುದಿಲ್ಲ. ಎರಡನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟು ಕಾಯುತ್ತೇನೆ, ಅಷ್ಟೆ.

ಬೇರೆಯದನ್ನು ಬೆರೆಸುವುದು ನಿಮಗೆ ಇಷ್ಟವಾಗದು, ಗೊತ್ತಿದೆ. ಆದರೆ ನೀವು ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ ಇದೆಯಲ್ಲ, ಅದು ಹೀಗೆಯೇ ಬಂದದ್ದು. ಇನ್ಸುಲಿನ್ ತಯಾರಿಸುವ ಮನುಷ್ಯರ ವಿದ್ಯೆಯನ್ನು ಇಂಥದೇ ಉಂಗುರದಲ್ಲಿ ಕೂರಿಸಿ ಸೂಕ್ಷ್ಮಜೀವಿಗಳಿಗೆ ಕೊಟ್ಟಿದ್ದಾರೆ. ಅವು ಅದನ್ನು ಓದಿಕೊಂಡು ಮನುಷ್ಯರ ಇನ್ಸುಲಿನ್ನನ್ನೇ ತಯಾರಿಸುತ್ತವೆ. ಅಲ್ಲಿ ಕತ್ತರಿಯೂ ಇದೆ, ಹೊಲಿಗೆಯೂ ಇದೆ.

ನಿಮ್ಮ ಅಪ್ಪಣೆ ಇಲ್ಲದೆ ಏನೂ ಮಾಡುವುದಿಲ್ಲ.

ನಿಮ್ಮ ಸೊಸೆ

•

ಮಾರ್ಚ್ ೧

ಸೊಸೆಗೆ,

ನನ್ನ ಅತ್ತೆ ಕಲಿಸಿದ ಪದ್ಧತಿಯನ್ನು ವೈರಸ್ ಬಿತ್ತನೆ ಎಂದು ಬರೆದಿದ್ದೀಯೆ. ನಿನ್ನ ಪತ್ರವನ್ನು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ, ನೀನು ಸುಳ್ಳು ಎಂದು ತೋರಿಸುವುದಕ್ಕಾಗಿಯೇ ಮೇಸ್ತ್ರಿಗೆ ಹೇಳಿ ಎರಡು ತೊಟ್ಟಿ ಬೇರೆ ಮಾಡಿಸಿದೆ. ಒಂದಕ್ಕೆ ತಿಳಿ ಸವರಿಸಿದೆ. ಇನ್ನೊಂದನ್ನು ನೀನು ಹೇಳಿದ ಹಾಗೆ ಆವಿಯಲ್ಲಿ ತೊಳೆಸಿದೆ.

ಸವರುವುದನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಇನ್ಸುಲಿನ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಡಾಕ್ಟರನ್ನು ಕೇಳಿದೆ. "ಹೌದು ದೊಡ್ಡಮ್ಮ, ನಿಮಗೆ ಗೊತ್ತಿರ್ಲಿಲ್ವಾ?" ಎಂದರು. ಇಷ್ಟು ವರ್ಷ ಲಕ್ಷಾಂತರ ಕ್ರಿಮಿಗಳು ನನ್ನ ಸೇವೆ ಮಾಡಿಕೊಂಡಿದ್ದವು, ಅದೂ ಸಂಬಳವಿಲ್ಲದೆ, ರಜೆ ಕೇಳದೆ. ಇಲ್ಲಿನ ಆಳುಗಳಿಗೆ ಇದನ್ನು ಓದಿ ಹೇಳಿದೆ. ಯಾರಿಗೂ ರುಚಿಸಲಿಲ್ಲ.

ನಿನಗೆ ಅಪ್ಪಣೆ ಕೊಟ್ಟಿದ್ದೇನೆ. ಆದರೆ ಮೊಸರಿನ ರುಚಿ ಒಂದು ಕೂದಲೆಳೆಯಷ್ಟೂ ಬದಲಾಗಕೂಡದು. ಕೊಡುವ ಕ್ರಿಮಿ ಒಳ್ಳೆಯ ಕಡೆಯದಾಗಿರಬೇಕು. ಯಾವ ಮನೆಯದು, ಎಲ್ಲಿಯದು, ತಿಳಿಸು.

ಅತ್ತೆ

•

ಮಾರ್ಚ್ ೨೬

ಅತ್ತೆಯವರಿಗೆ ನಮಸ್ಕಾರಗಳು.

ಆಯಿತು. ನಿಮ್ಮದನ್ನೂ ಉಂಗುರ ಕೊಡುವ ದಾನಿಯನ್ನೂ ಒಂದೇ ತಟ್ಟೆಯಲ್ಲಿ ಬಿಟ್ಟೆ. ಆಮೇಲೆ ನೀವು ಕಳಿಸಿದ ಕೆಟ್ಟ ತಿಳಿಯನ್ನು ಮೇಲೆ ಸುರಿದೆ. ಉಂಗುರ ಸಿಗದವು ಸತ್ತವು, ಸಿಕ್ಕವು ಉಳಿದವು. ಈ ದಾನಿಗೆ ಮೊಸರನ್ನು ಎಳೆಯೆಳೆ ಮಾಡುವ ಗುಣವೂ ಇದೆ. ಅದು ನಿಮ್ಮ ಮೊಸರಿಗೆ ಬೇಡ. ಅದಕ್ಕೇ ಉಳಿದವುಗಳಲ್ಲಿ ಎಳೆ ಬರುವುದನ್ನೆಲ್ಲ ಕಳೆದು, ನಿಮ್ಮವೇ ಎಂದು ಖಾತ್ರಿಯಾದವನ್ನು ಮಾತ್ರ ಬೆಳೆಸಿದ್ದೇನೆ. ರುಚಿ ನಿಮ್ಮದೇ. ನಾನೇ ತಿಂದು ನೋಡಿದೆ, ನಿಮ್ಮ ಮಗನೂ ತಿಂದರು. "ಅಮ್ಮನ ಮೊಸರು" ಎಂದು ಬಟ್ಟಲು ನೆಕ್ಕಿದರು.

ದಾನಿ ನಮ್ಮ ಫ್ರೀಜರಿನ ಏಳನೆಯ ಸೀಸೆಯಿಂದ ಬಂದದ್ದು. ಇಲ್ಲಿಗೆ ತುಂಬಾ ದೂರದ ಊರಿನದು. ಸದ್ಯಕ್ಕೆ ಅಷ್ಟು ಸಾಕಲ್ಲವೇ?

ಹೊಸ ಹೆಪ್ಪು ಈ ಡಬ್ಬಿಯಲ್ಲಿದೆ.

ನಿಮ್ಮ ಸೊಸೆ

•

ಏಪ್ರಿಲ್ ೨೦

ಸೊಸೆಗೆ,

ಹನ್ನೆರಡೂ ತೊಟ್ಟಿ ಹೆಪ್ಪಾಗಿವೆ. ತಿರುಗಿಸಿದರೂ ಬೀಳದಂಥ ಮೊಸರು. ಮೇಸ್ತ್ರಿ ಬೆರಳಿಟ್ಟು ನೋಡಿ ಕಣ್ಣೊರೆಸಿಕೊಂಡ. ಕಣ್ಣಿಗೆ ಹೊಗೆ ಹೋಯಿತು ಎಂದ. ಇಲ್ಲಿ ಹೊಗೆ ಎಲ್ಲಿದೆ?

ದಾನಿ ಎಲ್ಲಿಯದು ಎಂದು ನೀನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಗಿದೆ. ದೂರದ ಊರು ಎಂದರೆ ಹೊರದೇಶದ ಯಾವುದೋ ದೊಡ್ಡ ಸಂಸ್ಥೆಯದು. ಜಂಬ ಪಡಬಾರದು ಎಂದು ನೀನು ಮುಚ್ಚಿಟ್ಟಿದ್ದೀಯೆ, ಒಳ್ಳೆಯ ಗುಣ. ನನಗೆ ಅಂಥ ಕಟ್ಟುಪಾಡಿಲ್ಲ. ಹಾಲು ಹಾಕುವವರಿಗೆ, ಆಸ್ಪತ್ರೆಯ ಅಡಿಗೆಮನೆಯವರಿಗೆ, ಮೈದುನನಿಗೆ, ಎಲ್ಲರಿಗೂ ಹೇಳಿದ್ದೇನೆ: ನಮ್ಮ ಹೆಪ್ಪಿಗೆ ಕಡಲಾಚೆಯ ಸಂಬಂಧ ಬೆಳೆದಿದೆ ಎಂದು. ಎಳೆಯೆಳೆ ಬರುವುದು ಎಂದಿದ್ದೀಯಲ್ಲ, ಅದೂ ಅಲ್ಲಿಯ ನಯವೇ ಇರಬೇಕು. ರೇಷ್ಮೆಯ ಹಾಗೆ.

ಪುಡಿಯವನು ನಿನ್ನೆ ಬಂದು ತೊಟ್ಟಿ ನೋಡಿ ಹುಳ್ಳಗೆ ಮುಖ ಮಾಡಿಕೊಂಡು ಹೋದ. ನಮ್ಮ ಮೊಸರೇ ಅಷ್ಟು ಹುಳಿ ಇರಲಿಲ್ಲ.

ಅತ್ತೆ

•

ಮೇ ೨೨

ಸೊಸೆಗೆ,

ನಿನ್ನ ಉಂಗುರ ಜಾರಿತು. ಮೊನ್ನೆ ಮೂರು ತೊಟ್ಟಿ, ಇವತ್ತು ಐದು. ಮೊದಲಿನ ಹಾಗೆಯೇ ತೆಳ್ಳಗೆ.

ಆಸ್ಪತ್ರೆಯವರು ಮೊಸರನ್ನು ಬೇರೆ ಕಡೆಯಿಂದ ತರಿಸುತ್ತಿದ್ದಾರೆ. ಮೈದುನ "ಅತ್ತಿಗೆ, ಕಡಲಾಚೆಯ ಬೀಗರು ಊರು ಬಿಟ್ರಾ?" ಎಂದು ಆಳುಗಳ ಮುಂದೆ ಕೇಳಿದ. ಕೆಟ್ಟ ತೊಟ್ಟಿ ಖಾಲಿ ಮಾಡಿಸಲು ಎದ್ದು ಹೋದೆ. ಮಾತಿನ ನಡುವೆ ನಾನು ಎದ್ದು ಹೋಗುವ ದಿನ ಈ ಮನೆಯಲ್ಲಿ ಇದುವರೆಗೆ ಬಂದಿರಲಿಲ್ಲ.

ಜುಲೈ ಮುಗಿಯುವುದರೊಳಗೆ ಸರಿಹೋಗದಿದ್ದರೆ ಹೆಪ್ಪನ್ನು ಕುದಿಸಿ ಪುಡಿಗೆ ಒಪ್ಪಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ನಾನು ಕೊಟ್ಟ ಮಾತು ತಪ್ಪುವವಳಲ್ಲ, ನಿನಗೆ ಗೊತ್ತು.

•

ಮೇ ೩೦

ಅತ್ತೆಯವರಿಗೆ,

ತಪ್ಪು ನನ್ನದು. ಉಂಗುರ ಹೊತ್ತಿರುವುದು ಬ್ಯಾಕ್ಟೀರಿಯಾಕ್ಕೆ ಭಾರ. ನೀವು ತೊಟ್ಟಿಗಳನ್ನು ಅಷ್ಟು ಚೊಕ್ಕವಾಗಿ ಇಟ್ಟಿರಿ, ವೈರಸ್ ಕಾಣಿಸಲೇ ಇಲ್ಲ. ಶತ್ರು ಇಲ್ಲದ ಕಡೆ ಆಯುಧ ಯಾರಿಗೆ ಬೇಕು? ಒಂದು ಎರಡಾಗುವಾಗ, ಎರಡು ನಾಲ್ಕಾಗುವಾಗ ಉಂಗುರ ಇಲ್ಲದ ಮಕ್ಕಳು ಹುಟ್ಟಿದವು. ಹಗುರಾದ್ದರಿಂದ ಅವೇ ಬೇಗ ಬೆಳೆದು ತುಂಬಿಕೊಂಡವು. ಆಮೇಲೆ ಎಲ್ಲಿಂದಲೋ ವೈರಸ್ ಮರಳಿತು.

ಆದರೆ ಕೋಟಿಯಲ್ಲಿ ಒಂದರಲ್ಲಿ ಬೇರೆಯೇ ನಡೆಯುತ್ತದೆ. ಉಂಗುರದ ವಿದ್ಯೆ ಬಿಚ್ಚಿಕೊಂಡು, ಬ್ಯಾಕ್ಟೀರಿಯಾದ ಸ್ವಂತ ಉದ್ದನೆಯ ಡಿಎನ್‌ಎಯೊಳಗೇ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದದ್ದು ಜಾರುವುದಿಲ್ಲ. ಆ ಒಂದನ್ನು ಹುಡುಕಬೇಕು. ವೈರಸ್ ತೋರಿಸದೆ ತಿಂಗಳಿಡೀ ಬೆಳೆಸಿ, ಕೊನೆಗೆ ಒಮ್ಮೆಲೇ ಸುರಿದು, ಆಗಲೂ ಉಳಿದದ್ದು ಯಾವುದು ಎಂದು ನೋಡುತ್ತೇನೆ.

ಜುಲೈ ಮುಗಿಯುವವರೆಗೆ ನನ್ನನ್ನು ನಂಬಿ. ನಾನು ಬೇರೇನೂ ಕೇಳಿಲ್ಲ, ನಿಮ್ಮ ಮನೆಗೆ ಬಂದಾಗಿನಿಂದ.

•

ಜುಲೈ ೬

ಅತ್ತೆಯವರಿಗೆ,

ಸಿಕ್ಕಿದೆ. ಡಬ್ಬಿಯಲ್ಲಿದೆ. ಉಂಗುರ ಮೊದಲು ಬೆರಳಿನ ಒಡವೆಯಾಗಿತ್ತು, ಈಗ ಅದರ ಮೂಳೆಯಾಗಿದೆ.

ಹೇಗೆ ಬೇಕಾದರೂ ಪರೀಕ್ಷೆ ಮಾಡಿ.

•

ಜುಲೈ ೧೯

ಸೊಸೆಗೆ,

ಪರೀಕ್ಷೆ ಮಾಡಿದೆ. ಹೇಗೆ ಮಾಡಿದೆ, ಕೇಳು.

ಪುಡಿಯವನನ್ನೂ ಮೈದುನನನ್ನೂ ಕರೆಸಿದೆ. ಆಸ್ಪತ್ರೆಯ ಅಡಿಗೆಮನೆಯ ಮೇಲ್ವಿಚಾರಕಿಯನ್ನೂ ಕರೆಸಿದೆ. ಎಲ್ಲರ ಮುಂದೆ ಎರಡು ತೊಟ್ಟಿಗೆ ಒಂದೇ ಹಾಲು ಬಿಡಿಸಿದೆ. ಒಂದಕ್ಕೆ ಪುಡಿಯವನ ಪುಡಿ, ಇನ್ನೊಂದಕ್ಕೆ ನಿನ್ನ ಹೆಪ್ಪು. ಆಮೇಲೆ ಕೆಟ್ಟ ತೊಟ್ಟಿಗಳಿಂದ ತೆಗೆದಿಟ್ಟಿದ್ದ ತಿಳಿಯನ್ನು ಬಕೆಟ್ಟಿನಲ್ಲಿ ತರಿಸಿದೆ.

"ಏನ್ ಮಾಡ್ತಿದೀರ ದೊಡ್ಡಮ್ಮ?" ಪುಡಿಯವನು ಎದ್ದು ನಿಂತ.

"ನಮ್ಮತ್ತೆ ಪದ್ಧತಿ," ಎಂದೆ. ಎರಡು ತೊಟ್ಟಿಗೂ ಒಂದೊಂದು ಚೊಂಬು ವೈರಸ್ ನನ್ನ ಕೈಯಾರೆ ಸುರಿದೆ.

"ಅತ್ತಿಗೆ, ತಲೆ ಕೆಟ್ಟಿದೆಯಾ?" ಎಂದ ಮೈದುನ.

"ಕೆಟ್ಟಿರೋದು ತಲೆನೋ ಪುಡಿನೋ, ಸಂಜೆ ಗೊತ್ತಾಗುತ್ತೆ. ಕೂತ್ಕೋ."

ಕೂತರು. ಯಾರಿಗೂ ಎದ್ದು ಹೋಗುವ ಧೈರ್ಯ ಇರಲಿಲ್ಲ. ಸಂಜೆ ಮುಚ್ಚಳ ತೆಗೆಸಿದೆ. ಪುಡಿಯ ತೊಟ್ಟಿಯಲ್ಲಿ ಸೌಟು ಬಿಟ್ಟೆ, ಬುಳುಕ್ಕನೆ ಮುಳುಗಿತು. ನಮ್ಮ ತೊಟ್ಟಿಯಲ್ಲಿ ಸೌಟು ನೆಟ್ಟೆ. ಕಂಬದ ಹಾಗೆ ನಿಂತಿತು! ಮೇಲ್ವಿಚಾರಕಿ ಚಮಚ ತೆಗೆದುಕೊಂಡು ನಿಂತಲ್ಲೇ ತಿಂದಳು. "ಅದೇ ರುಚಿ. ನಾಳೆಯಿಂದ್ಲೇ ಕಳಿಸಿ" ಎಂದಳು. ಪುಡಿಯವನು ತನ್ನ ಚೀಲ ಮರೆತು ಹೊರಟ. ಮೈದುನನೇ ಹಿಂದೆ ಓಡಿಹೋಗಿ ಕೊಟ್ಟು ಬಂದ. ಬಂದವನು ಮೂರು ಬಟ್ಟಲು ಮೊಸರು ತಿಂದ.

ಅತ್ತೆಯ ಹೆಪ್ಪು ಉಳಿಯಿತು. ನಾನು ಉಳಿಸಿದೆ ಎಂದು ಬೀದಿಯವರು ಹೇಳುತ್ತಿದ್ದಾರೆ. ನಾನು ತಿದ್ದುತ್ತಿದ್ದೇನೆ, ನನ್ನ ಸೊಸೆ ಉಳಿಸಿದಳು ಎಂದು.

ಇನ್ನೊಂದು ಕೆಲಸ ಬಾಕಿ ಇದೆ. ಇಷ್ಟು ದೊಡ್ಡ ಉಪಕಾರ ಮಾಡಿದವರಿಗೆ ಕೃತಜ್ಞತೆ ಹೇಳದಿದ್ದರೆ ಈ ಮನೆಯ ಮರ್ಯಾದೆಗೆ ಕಡಿಮೆ. ಆ ಹೊರದೇಶದ ಸಂಸ್ಥೆಯವರಿಗೆ ನಾನೇ ಪತ್ರ ಬರೆಯುತ್ತೇನೆ. ಯಾರಿಂದಾದರೂ ಅವರ ಭಾಷೆಗೆ ಮಾಡಿಸುತ್ತೇನೆ. ದಾನಿಯ ವಿಳಾಸ ಕಳಿಸು.

ಅತ್ತೆ

•

ಜುಲೈ ೨೮

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ನಾನೂ ನಿಮ್ಮ ಮಗನೂ ಅಡಿಗೆಮನೆಯಲ್ಲಿ ಕುಣಿದೆವು. ಆ ಸಂತೋಷದಲ್ಲಿ ಕೊನೆಯ ಸಾಲು ಓದುವುದು ತಡವಾಯಿತು.

ದಾನಿಯ ವಿಳಾಸ ನಿಮಗೆ ಗೊತ್ತಿದೆ. ಅದು ನನ್ನ ತವರು.

ನೀವು ಚರಂಡಿಗೆ ಸುರಿಸಿದ ಮೇಲೆ ಅಮ್ಮ ಖಾಲಿ ಗಡಿಗೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಒಳಗಿನ ಅಂಚಿನಲ್ಲಿ ಸ್ವಲ್ಪ ಅಂಟಿಕೊಂಡಿತ್ತು. ಅದನ್ನು ಕೆರೆದು ಇಲ್ಲಿಗೆ ತಂದು ಫ್ರೀಜರಿನಲ್ಲಿಟ್ಟೆ. ಸಂಶೋಧನೆಗಲ್ಲ. ನನಗೆ ಬೇಕಿತ್ತು, ಅದಕ್ಕೆ. ನೆರೆಹೊರೆಯವರೆಲ್ಲ ಅಮ್ಮನ ಹತ್ತಿರ ಹೆಪ್ಪು ಕೇಳುತ್ತಾರೆ, ತಮ್ಮದು ಕೊಡುತ್ತಾರೆ. ಹಾಗೆ ನೂರು ಮನೆ ಸುತ್ತಿ ನೂರು ವೈರಸ್ಸಿಗೆ ಎದುರು ನಿಂತು ಕಲಿತ ಮೊಸರು ಅದು. ಎಲ್ಲ ಸೀಸೆಗಳನ್ನೂ ಪರೀಕ್ಷಿಸಿದೆ, ನಿಮ್ಮ ವೈರಸ್ಸನ್ನು ತಡೆದದ್ದು ಏಳನೆಯದು ಮಾತ್ರ.

ಮೊದಲೇ ಹೇಳಿದ್ದರೆ ನೀವು ತೊಟ್ಟಿಗೆ ಹಾಕುತ್ತಿರಲಿಲ್ಲ. ಹೆಪ್ಪು ಉಳಿಯಲಿ ಎಂದು ಸುಮ್ಮನಿದ್ದೆ. ಈಗ ನೀವು ಕೇಳಿದ್ದೀರಿ. ಕೇಳಿದ ಮೇಲೂ ಸುಮ್ಮನಿದ್ದರೆ ಅದು ಸುಳ್ಳಾಗುತ್ತದೆ.

ನಿಮ್ಮ ಸೊಸೆ

•

ಆಗಸ್ಟ್ ೧೮

ಅತ್ತೆಯವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಹೆಪ್ಪನ್ನು ಚರಂಡಿಗೆ ಸುರಿಸಿದ್ದರೆ ಅಷ್ಟನ್ನಾದರೂ ತಿಳಿಸಿ. ನನ್ನ ಹತ್ತಿರ ಇನ್ನೊಂದು ಸೀಸೆ ಇದೆ.

•

ಸೆಪ್ಟೆಂಬರ್ ೪

ಸೊಸೆಗೆ ಆಶೀರ್ವಾದಗಳು.

ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಓಡಾಟವಿತ್ತು.

ಕೃತಜ್ಞತೆ ಹೇಳುತ್ತೇನೆ ಎಂದು ಬರೆದುಬಿಟ್ಟಿದ್ದೆನಲ್ಲ, ಬರೆದ ಮೇಲೆ ಮುಗಿಯಿತು. ವಿಳಾಸ ಇಷ್ಟು ಹತ್ತಿರದ್ದಾದ ಮೇಲೆ ಪತ್ರ ಯಾಕೆ ಎಂದು ನಾನೇ ಬಸ್ಸು ಹತ್ತಿದೆ. ನಿನ್ನ ತಾಯಿ ಬಾಗಿಲು ತೆಗೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಬನ್ನಿ ಬೀಗಿತ್ತಿ. ಮೊಸರು ಕೊಡ್ಲಾ, ಇಲ್ಲ ನಮ್ಮ ಚರಂಡಿ ಎಲ್ಲಿದೆ ತೋರಿಸ್ಲಾ?"

ನನ್ನ ಎದುರು ಹೀಗೆ ಮಾತಾಡಿದವರನ್ನು ನೋಡಿ ಬಹಳ ಕಾಲವಾಗಿತ್ತು. ಮನಸ್ಸಿಗೆ ಹಿತವಾಯಿತು.

"ಮೊದ್ಲು ಮೊಸರು ಕೊಡಿ," ಎಂದೆ. "ಚರಂಡಿ ಆಮೇಲೆ ನೋಡೋಣ."

ಬಟ್ಟಲು ತಂದಿಟ್ಟರು. ಚಮಚ ಎತ್ತಿದೆ. ಎಳೆ ಬಟ್ಟಲಿನಿಂದ ನನ್ನ ಬಾಯಿಯವರೆಗೆ ಬಂತು. ಪೂರ್ತಿ ತಿಂದೆ. "ಹುಳಿ ಜಾಸ್ತಿ," ಎಂದೆ.

"ನಿಮ್ಮದು ಸಪ್ಪೆ," ಎಂದರು. "ಮದುವೆ ದಿನ ತಿಂದಿದೀನಿ. ಆಸ್ಪತ್ರೆಗೇ ಸರಿ."

ಹೀಗೆ ಶುರುವಾದದ್ದು ಕೊನೆಯ ಬಸ್ಸು ತಪ್ಪುವವರೆಗೆ ನಡೆಯಿತು. ರಾತ್ರಿ ಅಲ್ಲೇ ಉಳಿದೆ. ಚರಂಡಿಯ ಮಾತನ್ನು ಮತ್ತೆ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡುವಾಗ ನನ್ನ ಕೈಗೆ ಗಡಿಗೆ ಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ನಮ್ಮ ಹೊಸ್ತಿಲನ್ನು ಅದನ್ನು ಹಿಡಿದುಕೊಂಡೇ ದಾಟಿದೆ. ಮೈದುನ ನೋಡುತ್ತಿದ್ದ. ನೋಡಲಿ ಎಂದೇ ನಿಧಾನವಾಗಿ ದಾಟಿದೆ.

ಆಮೇಲೆ ಹಾಲು ಹಾಕುವವರನ್ನೆಲ್ಲ ಕರೆಸಿ ಹೇಳಿದೆ: "ಕಡಲಾಚೆ ಅಂದಿದ್ನಲ್ಲ, ಅಲ್ಲ. ನನ್ನ ಬೀಗಿತ್ತಿ ಮನೆ." ಪೇಂಟರನ್ನು ಕರೆಸಿ ಹೆಪ್ಪಿನ ಕೋಣೆಯ ಬಾಗಿಲ ಮೇಲೆ ನಮ್ಮ ಮನೆತನದ ಹೆಸರಿನ ಪಕ್ಕ ನಿನ್ನ ತವರಿನ ಹೆಸರನ್ನೂ ಬರೆಸಿದೆ. ಅಕ್ಷರ ಒಂದೇ ಅಳತೆ. ನಾನೇ ಸ್ಕೇಲು ಹಿಡಿದು ನೋಡಿದೆ.

ನಿನ್ನೆ ನಿನ್ನ ತಾಯಿ ಬಂದಿದ್ದರು. ಮೊದಲನೆಯ ತೊಟ್ಟಿಗೆ ಅವರ ಕೈಯಿಂದಲೇ ಹೆಪ್ಪು ಹಾಕಿಸಿದೆ. ಇವತ್ತು ಬೆಳಿಗ್ಗೆ ಸೌಟು ನಿಂತಿದೆ. ಈ ಬೀದಿಯಲ್ಲಿ ವೈರಸ್ಸಿನಿಂದ ಬಾಗಿಲು ಹಾಕಿದ್ದ ಮೂರು ಸಣ್ಣ ಮೊಸರಿನವರಿಗೂ ಒಂದೊಂದು ಬಟ್ಟಲು ಕಳಿಸಿದ್ದೇನೆ. ಕೊಟ್ಟರೆ ಕಡಿಮೆಯಾಗುವುದಿಲ್ಲ ಎಂದು ನೀನೇ ಬರೆದಿದ್ದೆ.

ಹೆಪ್ಪಿನ ಕೋಣೆಗೆ ಇದ್ದದ್ದು ಒಂದೇ ಕೀಲಿ. ನನ್ನ ಅತ್ತೆಯ ಕೊರಳಿನಿಂದ ನನ್ನ ಕೊರಳಿಗೆ ಬಂದದ್ದು. ಸೊಸೆಗೆ ಸೇರಬೇಕಾದದ್ದು, ನಿನಗೆ ಕೊಟ್ಟಿರಲಿಲ್ಲ. ಮೊನ್ನೆ ಕೀಲಿ ಮಾಡುವವನ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತು ಅಂಥದೇ ಇನ್ನೊಂದು ಮಾಡಿಸಿದೆ. ಬೀಗಕ್ಕೆ ಹಾಕಿ ನೋಡಿದ್ದೇನೆ, ಸಲೀಸಾಗಿ ತಿರುಗುತ್ತದೆ. ಅದು ಈ ಡಬ್ಬಿಯಲ್ಲಿ, ಐಸಿನ ಮೇಲೆ, ಬಟ್ಟೆಯಲ್ಲಿ ಸುತ್ತಿದೆ.

ನನ್ನದು ನನ್ನ ಕೊರಳಲ್ಲೇ ಇದೆ.

ಅತ್ತೆ